ಹಾಳಾಗಿದೆ ಎನ್ನುವ ಮೊದಲು

ಮಳೆಗಾಲ ಹಿಡಿಯುವ ಮೊದಲು ಹಂಚು ಸರಿಪಡಿಸಿ, ಅಟ್ಟ ಗುಡಿಸಿ, ಬೇಡವಾದ ಸಾಮಾನುಗಳನ್ನು ಗುಜರಿಯವನಿಗೆ ಕೊಡುವುದು ನಮ್ಮ ಕಡೆಯ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಕ್ರಮ. ಗಲ್ಫಿಗೆ ಹೋಗಿ ಬಂದವರಿರುವ ಮನೆಯ ಅಟ್ಟವಾದರೆ ಅಲ್ಲಿ ಸಿಗುವ ವಸ್ತುಗಳ ಪಟ್ಟಿಯನ್ನು ನೋಡದೆಯೇ ಹೇಳಬಹುದು. ಹಿಡಿ ಮುರಿದ ಸೂಟ್‌ಕೇಸು, ಟೇಪ್ ರೆಕಾರ್ಡರ್, ಕಂಬಳಿ ಬಂದ ಪ್ಲಾಸ್ಟಿಕ್ ಚೀಲ, ಹೊಟ್ಟೆ ತುಂಬಾ ವಯರು ತುಂಬಿಕೊಂಡ ಒಂದು ರಟ್ಟಿನ ಪೆಟ್ಟಿಗೆ. ಆ ರಟ್ಟಿನ ಪೆಟ್ಟಿಗೆಯಲ್ಲಿ ಹಲವು ಮನೆಗಳಲ್ಲಿ ಟಿವಿಗೆ ಜೋಡಿಸಿ ಆಡುವ ಹಳೆಯ ವೀಡಿಯೋ ಗೇಮ್ ಕೂಡ ಇರುತ್ತದೆ. ಅದನ್ನು ಗುಜರಿಗೆ ಕೊಡಬೇಕೆ, ಅಥವಾ ಮತ್ತೊಮ್ಮೆ ಟಿವಿಗೆ ಜೋಡಿಸಿ ನೋಡಬೇಕೆ ಎಂಬ ಪ್ರಶ್ನೆಯ ಕುರಿತು ಈ ವಾರ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಇದೂ ಒಂದು ವಿಷಯವೇ ಎಂದು ಕೆಲವರು ನಗಬಹುದು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು.

ನಮ್ಮ ಮನೆಗೆ ಅಂತಹ ಪೆಟ್ಟಿಗೆ ಬಂದದ್ದು 1989ರಲ್ಲಿ. ಕುವೈತಿನಲ್ಲಿ ಕೆಲಸಕ್ಕಿದ್ದ ನಮ್ಮ ತಮ್ಮ, ರಜೆಯಲ್ಲಿ ಊರಿಗೆ ಬರುತ್ತಿದ್ದ ನೆರೆಯವರೊಬ್ಬರ ಕೈಯಲ್ಲಿ ಅದನ್ನು ಕಳುಹಿಸಿದ್ದ. ಬಿಳಿ ಮತ್ತು ಕೆಂಪು ಬಣ್ಣದ ಜಪಾನಿನ ಯಂತ್ರ, ಅದಕ್ಕೇ ಅಂಟಿಕೊಂಡಿರುವ ಎರಡು ಹಿಡಿಗಳು, ಒಂದು ಕ್ಯಾಸೆಟ್ಟು, ಅಲ್ಲಿಯ ಅಂಗಡಿಯವನು ಕೊಟ್ಟ 240 ವೋಲ್ಟಿನ ಅಡಾಪ್ಟರು. ಮಕ್ಕಳು ಊಟ ಬಿಟ್ಟು ಸುತ್ತ ಕುಳಿತರು. ನಮ್ಮ ಚಾವಡಿಯಲ್ಲಿದ್ದುದು ಚಾನೆಲಿನ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸುವ ಬ್ಲ್ಯಾಕ್ ಅಂಡ್ ವೈಟ್ ಟಿವಿ. ಆಂಟೆನಾದ ವಯರು ತೆಗೆದು ಆಟದ ಪೆಟ್ಟಿಗೆಯ ವಯರು ಸಿಕ್ಕಿಸಿದೆವು. ಗುಂಡಿಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿದೆವು. ಪರದೆಯಲ್ಲಿ ಇರುವೆಗಳು ಓಡಾಡಿದಂತೆ ಬಿಳಿ ಚುಕ್ಕೆಗಳು, ಸ್ಪೀಕರಿನಲ್ಲಿ ಬುಸ್ಸೆನ್ನುವ ಸದ್ದು. ಎರಡು ಸಂಜೆ ಹೀಗೆ ಕಳೆದ ಬಳಿಕ ಮನೆಯ ಹಿರಿಯರಾಗಿ ನಾವೇ ತೀರ್ಪು ಕೊಟ್ಟೆವು. ಇದು ಹಾಳಾದ ಮಾಲು, ಅಂಗಡಿಯವನು ತಮ್ಮನನ್ನು ಮೋಸ ಮಾಡಿದ್ದಾನೆ, ಇನ್ನು ಇದನ್ನು ಮುಟ್ಟಬೇಡಿ. ಪೆಟ್ಟಿಗೆ ಅಟ್ಟ ಸೇರಿತು.

ಮರುವರ್ಷ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಅಂದು ಅಲ್ಲಿಂದ ಜೋರ್ಡಾನಿನ ಅಮ್ಮಾನ್ ಸೇರಿ, ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದ ಭಾರತೀಯರ ಸಂಖ್ಯೆ ಒಂದು ಲಕ್ಷಕ್ಕೂ ಮೀರಿದುದು. ಅವರಲ್ಲಿ ಕರಾವಳಿಯವರು ಎಷ್ಟು ಮಂದಿ ಇದ್ದರೆಂಬುದನ್ನು ಈ ಅಂಕಣದ ಓದುಗರಿಗೆ ನಾವು ಹೇಳಬೇಕಾಗಿಲ್ಲ. ನಮ್ಮ ತಮ್ಮನೂ ಹಾಗೆಯೇ ಬಂದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಎರಡು ಅಂಗಿ. ಹನ್ನೊಂದು ವರ್ಷದ ದುಡಿಮೆಯಲ್ಲಿ ಅವನು ಕೂಡಿಟ್ಟ ಸಾಮಾನೆಲ್ಲ ಅಲ್ಲಿಯೇ ಉಳಿಯಿತು. ಬಂದ ಕೆಲವು ದಿನಗಳ ನಂತರ ಊಟದ ಹೊತ್ತಿಗೆ ಅವನು ಕೇಳಿದ, "ಅಣ್ಣ, ಆ ಗೇಮು ಮಕ್ಕಳಿಗೆ ಆಡಲಿಕ್ಕೆ ಆಯಿತಾ?" ನಾವು ಇದ್ದುದನ್ನು ಇದ್ದ ಹಾಗೆ ಹೇಳಿದೆವು, "ಅದು ಹಾಳಾದದ್ದು, ನಿನಗೆ ಮೋಸ ಆಗಿದೆ." ಅವನು ತಲೆ ತಗ್ಗಿಸಿ ಊಟ ಮುಂದುವರಿಸಿದ. ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. 2011ರಲ್ಲಿ ಅವನು ತೀರಿಕೊಂಡ.

ಕಳೆದ ಮೇ ತಿಂಗಳಲ್ಲಿ ತಮ್ಮನ ಮಗಳು ತನ್ನ ಹತ್ತು ವರ್ಷದ ಮಗನೊಂದಿಗೆ ಪರದೇಶದಿಂದ ಬಂದಿದ್ದಳು. ಅಟ್ಟ ಗುಡಿಸುವಾಗ ಪೆಟ್ಟಿಗೆ ಕೆಳಗಿಳಿಯಿತು. ಗುಜರಿಯ ರಾಶಿಗೆ ಹಾಕಲು ನಾವು ಕೈ ಚಾಚಿದಾಗ ಅವಳು ತಡೆದಳು. "ದೊಡ್ಡಪ್ಪ, ಅಪ್ಪ ಕುವೈತಿನಲ್ಲಿ ಕೊಂಡ ವಸ್ತು ಅಂತ ಈ ಮನೆಯಲ್ಲಿ ಉಳಿದಿರುವುದು ಇದೊಂದೇ ಅಲ್ಲವಾ?" ಎಂದಳು. ಆ ಲೆಕ್ಕವನ್ನು ನಾವು ಎಂದೂ ಹಾಕಿರಲಿಲ್ಲ. ಹುಡುಗನಂತೂ ಆಗಲೇ ಚಾವಡಿಯ ಚಪ್ಪಟೆ ಟಿವಿಯ ಹಿಂದೆ ತಲೆ ತೂರಿಸಿ ವಯರಿಗೆ ತೂತು ಹುಡುಕುತ್ತಿದ್ದ. ಇಂದಿನ ಎಚ್‌ಡಿಎಂಐ ತೂತು ಮಾತ್ರ ಅವನಿಗೆ ಗೊತ್ತು. ಹಿಂದಿನ ಆಂಟೆನಾ ವಯರು ಮಾತ್ರ ನಮಗೆ ಗೊತ್ತು. ಇಬ್ಬರಿಗೂ ಪೂರ್ತಿ ವಿಷಯ ಗೊತ್ತಿರಲಿಲ್ಲವಾದ್ದರಿಂದ, ಪೇಟೆಯಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ, ಈಗ ವಯಸ್ಸಾಗಿ ಮನೆಯಲ್ಲಿಯೇ ಸಣ್ಣಪುಟ್ಟ ಕೆಲಸ ಮಾಡುವ ಒಬ್ಬರ ಬಳಿಗೆ ಪೆಟ್ಟಿಗೆಯನ್ನು ಒಯ್ದೆವು.

ಅವರು ಅದನ್ನು ಬಿಚ್ಚುವ ಮೊದಲೇ ಹಿಂಬದಿಯನ್ನು ತಿರುಗಿಸಿ ನೋಡಿ ನಕ್ಕರು. ಅಲ್ಲಿ ಒಂದು ಸಣ್ಣ ಸ್ವಿಚ್ಚು ಇತ್ತು, ಅದರ ಪಕ್ಕದಲ್ಲಿ ಒಂದನೇ ಚಾನೆಲ್, ಎರಡನೇ ಚಾನೆಲ್ ಎಂದು ಗುರುತು. "ಇದು ಜಪಾನಿನ ಒಂದು ಮತ್ತು ಎರಡು. ನಮ್ಮ ಟಿವಿಯಲ್ಲಿ ಆ ಜಾಗವೇ ಇರಲಿಲ್ಲ," ಎಂದರು. ಅವರು ವಿವರಿಸಿದ್ದನ್ನು ನಮಗೆ ಅರ್ಥವಾದಂತೆ ಇಲ್ಲಿ ಬರೆಯುತ್ತೇವೆ. ಅಂದಿನ ಆಟದ ಪೆಟ್ಟಿಗೆಗಳು ಟಿವಿಯೊಂದಿಗೆ ಮಾತಾಡುತ್ತಿದ್ದುದು ಆಂಟೆನಾದ ದಾರಿಯಲ್ಲಿ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಪ್ರಸಾರ ಕೇಂದ್ರವೇ ಇರುತ್ತಿತ್ತು ಎನ್ನಬಹುದು. ಅದು ಚಿತ್ರವನ್ನೂ ಧ್ವನಿಯನ್ನೂ ಒಂದು ಚಾನೆಲಿನ ಅಲೆಯ ಮೇಲೆ ಕೂರಿಸಿ ವಯರಿನಲ್ಲಿ ಕಳುಹಿಸುತ್ತಿತ್ತು. ಯಾವ ಚಾನೆಲ್ ಎಂಬುದು ಆಯಾ ದೇಶದ ಕ್ರಮ. ಅಮೆರಿಕದಲ್ಲಿ ಮೂರು ಅಥವಾ ನಾಲ್ಕು. ಯುರೋಪಿನ ಬಹಳಷ್ಟು ಯಂತ್ರಗಳಲ್ಲಿ ಮೂವತ್ತಾರರ ಆಸುಪಾಸು. ಜಪಾನಿನಲ್ಲಿ ಒಂದು ಅಥವಾ ಎರಡು, ಅಂದರೆ ಸುಮಾರು 91 ಅಥವಾ 97 ಮೆಗಾಹರ್ಟ್ಸ್. ನಮ್ಮ ದೇಶದ ಹಳೆಯ ಟಿವಿಯ ಗುಂಡಿ ಹಿಡಿಯುತ್ತಿದ್ದುದು 47ರಿಂದ 68 ಮತ್ತು 174ರಿಂದ 230 ಮೆಗಾಹರ್ಟ್ಸ್ ವರೆಗಿನ ಅಲೆಗಳನ್ನು. ಜಪಾನಿನ ಯಂತ್ರ ಕೂಗುತ್ತಿದ್ದುದು ಇವೆರಡರ ನಡುವೆ ಖಾಲಿ ಬಿಟ್ಟ ಜಾಗದಲ್ಲಿ. ಗುಂಡಿಯನ್ನು ಎಷ್ಟು ಸುತ್ತು ತಿರುಗಿಸಿದರೂ ಅದು ನಮಗೆ ಸಿಕ್ಕುವಂತಿರಲಿಲ್ಲ.

ಸಿಕ್ಕಿದ್ದರೂ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಜಪಾನ್ ಮತ್ತು ಅಮೆರಿಕದ ಟಿವಿ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆಗಳು, ಸೆಕೆಂಡಿಗೆ ಸುಮಾರು 60 ಸಲ ಪರದೆ ತುಂಬುತ್ತದೆ. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆಗಳು, ಸೆಕೆಂಡಿಗೆ 50 ಸಲ. ಬಣ್ಣವನ್ನು ಕಟ್ಟಿ ಕಳುಹಿಸುವ ರೀತಿಯೂ ಬೇರೆ, ಧ್ವನಿಯ ಅಲೆ ಚಿತ್ರದ ಅಲೆಯಿಂದ ಇರುವ ದೂರವೂ ಬೇರೆ. "ಇದು ಹಾಳಾದದ್ದಲ್ಲ ಮಾರಾಯ್ರೆ, ಇದು ಹೇಳುವುದು ಟಿವಿಗೆ ಅರ್ಥ ಆಗುತ್ತಿರಲಿಲ್ಲ, ಅಷ್ಟೆ," ಎಂದು ಅವರು ಮಾತು ಮುಗಿಸಿದರು.

ಆ ಬೆಂಚಿನ ಮೇಲೆ ಕುಳಿತಿದ್ದಾಗ ನಮಗಾದ ನಾಚಿಕೆಯನ್ನು ಬರೆಯದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ತಮ್ಮ ಮೋಸ ಹೋಗಿರಲಿಲ್ಲ. ಅಂಗಡಿಯವನು ಮೋಸ ಮಾಡಿರಲಿಲ್ಲ. ಪೆಟ್ಟಿಗೆಯೂ ಹಾಳಾಗಿರಲಿಲ್ಲ. ಎರಡು ಸಂಜೆ ಗುಂಡಿ ತಿರುಗಿಸಿದ ನಮ್ಮ ಅರಿವೇ ಅರ್ಧವಾಗಿತ್ತು. ಆ ಅರ್ಧ ಅರಿವಿನಿಂದ ನಾವು ಕೊಟ್ಟ ತೀರ್ಪನ್ನು, ಎಲ್ಲವನ್ನೂ ಕಳೆದುಕೊಂಡು ಬಂದ ಮನುಷ್ಯನು ಅನ್ನದ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ.

ಮುಂದಿನ ಕೆಲಸ ದೊಡ್ಡದೇನಲ್ಲ. ಹಳೆಯ ಅಡಾಪ್ಟರು ಸತ್ತಿತ್ತು, ಅದಕ್ಕೆ ಬದಲು ತಕ್ಕ ಅಡಾಪ್ಟರು ಹಾಕಿದರು. ಆಂಟೆನಾದ ದಾರಿಯನ್ನು ಬಿಟ್ಟು, ಒಂದು ಟ್ರಾನ್ಸಿಸ್ಟರು ಮತ್ತು ನಾಲ್ಕಾರು ಬಿಡಿ ಭಾಗಗಳನ್ನು ಬೆಸೆದು ಚಿತ್ರವನ್ನು ನೇರವಾಗಿ ಹೊರಕ್ಕೆ ತಂದರು. ಚಿತ್ರಕ್ಕೆ ಹಳದಿ ಪಿನ್ನು, ಧ್ವನಿಗೆ ಬಿಳಿ ಪಿನ್ನು. ಆ ಯಂತ್ರಕ್ಕೆ ಇರುವುದು ಒಂದೇ ಧ್ವನಿಯಾದ್ದರಿಂದ ಕೆಂಪು ಪಿನ್ನಿಗೆ ಕೆಲಸವಿಲ್ಲ. ಮನೆಗೆ ಬಂದು ಟಿವಿಯ ಹಿಂದೆ ಸಿಕ್ಕಿಸಿ, ರಿಮೋಟಿನಲ್ಲಿ ಎವಿ ಎಂಬುದನ್ನು ಹುಡುಗ ಆರಿಸಿದ. ಕ್ಷಣ ಹೊತ್ತು ಪರದೆ ಕಪ್ಪಾಯಿತು. ಮತ್ತೆ ನೀಲಿ ಆಕಾಶ, ಇಟ್ಟಿಗೆಯ ನೆಲ, ಮೀಸೆಯ ಪುಟ್ಟ ಮಾರಿಯೋ. ತಮ್ಮನ ಮಗಳು ಒಳಗಿನಿಂದ ಕೈ ಒರಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಯಾರೂ ಹೆಚ್ಚು ಮಾತಾಡಲಿಲ್ಲ.

ಟಿವಿಯನ್ನು ನೋಡುವುದಕ್ಕಷ್ಟೇ ಅಲ್ಲದೆ ಆಡುವುದಕ್ಕೂ ಬಳಸಬಹುದೆಂಬ ಯೋಚನೆಯ ಹಿನ್ನೆಲೆಯನ್ನು ಓದುಗರು ತಿಳಿದಿರುವುದು ಒಳ್ಳೆಯದು. ಈ ಯಂತ್ರಗಳಿಗೆಲ್ಲ ಹಿರಿಯನೆನಿಸಿದ ರಾಲ್ಫ್ ಬೇರ್ ಜರ್ಮನಿಯಲ್ಲಿ 1922ರಲ್ಲಿ ಹುಟ್ಟಿದ ಯಹೂದಿ. ನಾತ್ಸಿಗಳ ಕಾಟದಿಂದ 1938ರಲ್ಲಿ ಕುಟುಂಬದೊಂದಿಗೆ ಅಮೆರಿಕಕ್ಕೆ ಓಡಿಹೋದ ಅವರು ಅಲ್ಲಿ ಅಂಚೆಯ ಮೂಲಕ ಪಾಠ ಕಲಿತು ರೇಡಿಯೋ ರಿಪೇರಿಯವರಾದರು. 1966ರಲ್ಲಿ, ಮನೆಮನೆಯ ಟಿವಿಗೆ ಆಂಟೆನಾದ ದಾರಿಯಲ್ಲಿಯೇ ಆಟವನ್ನು ಕಳುಹಿಸಬಹುದೆಂದು ಯೋಚಿಸಿ ನಾಲ್ಕು ಪುಟಗಳಲ್ಲಿ ಬರೆದಿಟ್ಟರು. ಅದರಿಂದ ಬೆಳೆದ ಮ್ಯಾಗ್ನವಾಕ್ಸ್ ಒಡಿಸ್ಸಿ 1972ರಲ್ಲಿ ಮಾರಾಟಕ್ಕೆ ಬಂತು. ಅದಕ್ಕೆ ಬಣ್ಣವೂ ಇರಲಿಲ್ಲ, ಧ್ವನಿಯೂ ಇರಲಿಲ್ಲ. ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಟಿವಿಯ ಗಾಜಿಗೆ ಅಂಟಿಸಿ ಆಡಬೇಕಿತ್ತು. ನಮ್ಮ ಮನೆಗೆ ಬಂದ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಸಾಯುಕಿ ಉಎಮುರಾ ಅವರ ನೇತೃತ್ವದಲ್ಲಿ ನಿಂಟೆಂಡೋ ಸಂಸ್ಥೆ 1983ರ ಜುಲೈ 15ರಂದು ಜಪಾನಿನಲ್ಲಿ ಬಿಡುಗಡೆ ಮಾಡಿತು. ಅದರ ಹೆಸರೇ ಕುಟುಂಬದ ಕಂಪ್ಯೂಟರ್ ಎಂಬುದರ ಮೊಟಕು ರೂಪ. ಮುಂದೆ ಅದರ ನಕಲುಗಳು ನಮ್ಮ ಪೇಟೆಗಳಲ್ಲಿಯೂ ಬಂದವು. ಟಿವಿ ಗೇಮ್ ಎಂದು ನಾವು ಕರೆದುದು ಬಹುಪಾಲು ಅವನ್ನೇ.

ಇನ್ನು, ಇಂತಹ ಪೆಟ್ಟಿಗೆಯನ್ನು ಕೆಳಗಿಳಿಸುವ ಮನೆಯವರಿಗೆ ನಾವು ಕಲಿತ ಕೆಲವು ಸಂಗತಿಗಳನ್ನು ಹೇಳುತ್ತೇವೆ.

ಮೊದಲನೆಯದು ಕರೆಂಟು. ಪೆಟ್ಟಿಗೆಯ ತಳದಲ್ಲಿ ಬರೆದಿರುವುದನ್ನು ಓದದೆ ಕೈಗೆ ಸಿಕ್ಕಿದ ಅಡಾಪ್ಟರನ್ನು ಚುಚ್ಚಬೇಡಿ. ಜಪಾನಿನ ಮನೆಗಳ ಕರೆಂಟು 100 ವೋಲ್ಟು, ನಮ್ಮದು 230. ಅಲ್ಲಿಯ ಅಡಾಪ್ಟರನ್ನು ಇಲ್ಲಿ ನೇರವಾಗಿ ಹಾಕಿದರೆ ಸುಟ್ಟೇ ಹೋಗುತ್ತದೆ. ಫ್ಯಾಮಿಕಾಮಿಗೆ ಬೇಕಾದುದು ಡಿಸಿ, ಅದೂ ಪಿನ್ನಿನ ನಡುಭಾಗ ಮೈನಸ್ ಇರುವಂತಹದು. ಅದೇ ಸಂಸ್ಥೆಯ ಅಮೆರಿಕದ ಯಂತ್ರದ ಅಡಾಪ್ಟರು ಎಸಿ ಕೊಡುತ್ತದೆ. ಪಿನ್ನು ಹೊಂದಿತೆಂದು ಅದನ್ನು ಇದಕ್ಕೆ ಹಾಕಿದರೆ, ಇಷ್ಟು ವರ್ಷ ಉಳಿದ ವಸ್ತು ಒಂದು ಕ್ಷಣದಲ್ಲಿ ಹೋದೀತು.

ಎರಡನೆಯದು ಕ್ಯಾಸೆಟ್ಟು. ಊದಿ ಹಾಕುವುದು ಆಗಿನ ಮಕ್ಕಳೆಲ್ಲರ ಅಭ್ಯಾಸ. ಬಾಯಿಯ ತೇವದಿಂದ ಲೋಹದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಹತ್ತಿಯ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರಸಿ, ಒಣಗಿದ ಮೇಲೆ ಹಾಕುವುದು ಸರಿಯಾದ ಕ್ರಮ.

ಮೂರನೆಯದು ಜೋಡಣೆ. ಪೆಟ್ಟಿಗೆಯ ಹಿಂದೆ ಹಳದಿ ತೂತು ಇದ್ದರೆ ಆಂಟೆನಾದ ಗೋಜಿಗೇ ಹೋಗಬೇಡಿ, ಹಳದಿಯಿಂದ ಹಳದಿಗೆ ಜೋಡಿಸಿದರೆ ಚಿತ್ರ ಶುಭ್ರವಾಗಿ ಬರುತ್ತದೆ. ಹೊಸ ಟಿವಿಗಳಲ್ಲಿ ಮೂರು ಪಿನ್ನುಗಳ ಬದಲು ಇಯರ್‌ಫೋನಿನದರಂತೆ ಒಂದೇ ಸಣ್ಣ ತೂತು ಇರುವುದುಂಟು. ಅದಕ್ಕೆ ಆ ಟಿವಿಯ ಜೊತೆಗೆ ಬಂದ ತುಂಡು ವಯರನ್ನೇ ಬಳಸಬೇಕು. ನೋಡಲು ಒಂದೇ ಬಗೆಯಾಗಿದ್ದರೂ ಒಳಗಿನ ಸಾಲು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಬೇರೆ ವಯರು ಹಾಕಿ ಚಿತ್ರ ಬಾರದೆ ಬರೀ ಗುಯ್ಗುಡುವ ಸದ್ದು ಬಂದರೆ ಪೆಟ್ಟಿಗೆಯನ್ನು ದೂರಬೇಡಿ. ಈ ತೂತೂ ಇಲ್ಲದ ಟಿವಿಯಾದರೆ, ಹಳದಿ ಪಿನ್ನಿನ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸಿ ಕೊಡುವ ಸಣ್ಣ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಆಂಟೆನಾ ವಯರು ಮಾತ್ರ ಇರುವ ಪೆಟ್ಟಿಗೆಯಾದರೆ, ಅದು ಯಾವ ದೇಶದ್ದೆಂದು ಮೊದಲು ತಿಳಿದು, ಹಳೆಯ ಪದ್ಧತಿಯ ಚಾನೆಲ್‌ಗಳನ್ನು ಹುಡುಕಬಲ್ಲ ಟಿವಿಯಲ್ಲಿ ಪೆಟ್ಟಿಗೆಯನ್ನು ಚಾಲೂ ಇಟ್ಟುಕೊಂಡೇ ಹುಡುಕಿಸಬೇಕು.

ನಾಲ್ಕನೆಯದು ತಾಳ್ಮೆ. ಚಪ್ಪಟೆ ಟಿವಿಗಳು ಬಂದ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ ಗುಂಡಿ ಒತ್ತಿದ ಒಂದು ಗಳಿಗೆ ತಡವಾಗಿ ಮಾರಿಯೋ ಜಿಗಿಯುತ್ತಾನೆ. ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಎಂಬುದಿದ್ದರೆ ಅದನ್ನು ಆರಿಸಿ, ಚಿತ್ರದ ಅಳತೆಯನ್ನು 4:3ಕ್ಕೆ ಇಡಿ. ಬಾತುಕೋಳಿಗೆ ಗುರಿಯಿಡುವ ಪಿಸ್ತೂಲು ಮಾತ್ರ ಹೊಸ ಟಿವಿಯಲ್ಲಿ ಕೆಲಸ ಮಾಡದು. ಕುದುರೆ ಎಳೆದ ಕ್ಷಣ ಪರದೆಯಲ್ಲಿ ಮಿನುಗುವ ಬಿಳಿ ಚೌಕವನ್ನು ಆ ಪಿಸ್ತೂಲಿನ ಕಣ್ಣು ಹಿಡಿಯಬೇಕು. ಆ ವೇಗಕ್ಕೆ ತಕ್ಕುದು ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಮಾತ್ರ. ಹಾಗೆಂದು ಅಟ್ಟದ ಹಳೆಯ ಟಿವಿಯನ್ನು ಇಳಿಸಿ ನೀವೇ ಬಿಚ್ಚಲು ಹೋಗಬೇಡಿ. ಬಣ್ಣದ ಟಿವಿಯ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಅದು ತಿಳಿದವರ ಕೆಲಸ.

ಇಷ್ಟೆಲ್ಲ ಮಾಡಿಯೂ ಬದುಕದಿದ್ದರೆ ಬಿಡುವುದೇ ಸರಿ. ಎಲ್ಲವನ್ನೂ ಅಟ್ಟದಲ್ಲಿ ಪೇರಿಸಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಬಿಡುವುದಕ್ಕೂ ಕ್ರಮವಿದೆ. ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಅದನ್ನು ತೋಟದ ಮೂಲೆಯಲ್ಲಿ ಒಡೆಯುವುದು, ತಾಮ್ರಕ್ಕಾಗಿ ವಯರು ಸುಡುವುದು ನಮ್ಮ ಬಾವಿಗೂ ನಮ್ಮ ಮಕ್ಕಳ ಉಸಿರಿಗೂ ವಿಷ ಬೆರೆಸಿದಂತೆ. ಎಲೆಕ್ಟ್ರಾನಿಕ್ ತ್ಯಾಜ್ಯವನ್ನು ಪಡೆಯಲು ನೋಂದಾಯಿತರಾದವರಿಗೇ ಅದನ್ನು ಒಪ್ಪಿಸಬೇಕು.

ಈಗ ಆಕ್ಷೇಪಗಳ ಮಾತು. ಕೈಯ ಮೊಬೈಲಿನಲ್ಲಿ ಇದೇ ಆಟ ಪುಕ್ಕಟೆಯಾಗಿ ಸಿಗುವಾಗ ಇಷ್ಟೊಂದು ಒದ್ದಾಟವೇಕೆ ಎಂದು ಕೇಳುವವರಿದ್ದಾರೆ. ಆಟವಷ್ಟೇ ಬೇಕಾದರೆ ಅವರ ಮಾತು ನಿಜ. ಆದರೆ ಮೊಬೈಲಿನ ಆಟಕ್ಕೆ ಮನೆಯ ಪ್ರತಿಯೊಬ್ಬರೂ ಒಂದೊಂದು ಮೂಲೆ ಹಿಡಿಯುತ್ತಾರೆ. ಈ ಹಳೆಯ ಪೆಟ್ಟಿಗೆಗೆ ಪರದೆ ಒಂದೇ, ಹಿಡಿ ಎರಡು, ಅವುಗಳ ವಯರೂ ಗಿಡ್ಡ. ಆಡಬೇಕಾದರೆ ಇಬ್ಬರೂ ನೆಲದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರಬೇಕು, ಉಳಿದವರು ಹಿಂದೆ ನಿಂತು ತಮ್ಮ ಸರದಿಗೆ ಕಾಯಬೇಕು. ಕಾಯುವುದನ್ನು ಕಲಿಸುವ ಆಟಿಕೆ ಇಂದು ಎಷ್ಟಿವೆ?

ಇನ್ನೊಂದು ಆಕ್ಷೇಪ ನಮ್ಮ ಪೀಳಿಗೆಯದೇ. ಈ ಆಟಗಳಿಂದ ಮಕ್ಕಳು ಕೆಡುತ್ತಾರೆ, ಓದು ಹಾಳಾಗುತ್ತದೆ, ಸಂಜೆಯ ಪ್ರಾರ್ಥನೆಯ ಹೊತ್ತು ಮರೆಯುತ್ತದೆ ಎಂದು ತೊಂಬತ್ತರ ದಶಕದಲ್ಲಿ ನಾವೆಲ್ಲ ಹೇಳಿದವರೇ. ಅದರಲ್ಲಿ ಹುರುಳಿಲ್ಲವೆಂದು ಈಗಲೂ ಹೇಳುವುದಿಲ್ಲ. ಹೊತ್ತುಗೊತ್ತು ಇಲ್ಲದ ಆಟ ಆಗಲೂ ಕೆಡುಕು, ಈಗಲೂ ಕೆಡುಕು. ಆದರೆ ಆ ಯಂತ್ರಕ್ಕೆ ಒಂದು ಸ್ವಿಚ್ಚಿತ್ತು, ಅದು ಚಾವಡಿಯಲ್ಲಿ ಎಲ್ಲರ ಕಣ್ಣೆದುರು ಇತ್ತು, ಅಮ್ಮ ಬಂದು ಆರಿಸಿದರೆ ಆರುತ್ತಿತ್ತು. ಅದನ್ನು ಬೈದ ನಾವೇ ಇಂದು ಊಟ ಮಾಡಿಸಲು ಮೊಮ್ಮಕ್ಕಳ ಕೈಗೆ ಮೊಬೈಲು ಕೊಡುತ್ತಿದ್ದೇವೆ ಎಂಬುದನ್ನು ನೆನೆದರೆ ನಮ್ಮ ಬೈಗಳಿಗೆ ಎಷ್ಟು ತೂಕವಿತ್ತೆಂದು ತಿಳಿಯುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಅಟ್ಟದಿಂದ ಇಳಿದ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಒಂದು ರಜೆಯ ಮಧ್ಯಾಹ್ನವನ್ನು ಅದಕ್ಕಾಗಿ ಕೊಡಿ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ಹಳೆಯ ವಯರಿನ ವಿಷಯ ನೀವು ಹೇಳಿ, ಹೊಸ ಟಿವಿಯ ರಿಮೋಟಿನ ವಿಷಯ ಅವರು ಹೇಳಲಿ. ಎರಡೂ ಅರಿವು ಕೂಡಿದಲ್ಲದೆ ಚಿತ್ರ ಬರುವುದಿಲ್ಲ. ಆ ಪೆಟ್ಟಿಗೆಯನ್ನು ಯಾರು, ಎಲ್ಲಿಂದ, ಎಷ್ಟು ದುಡಿದು ಕಳುಹಿಸಿದರೆಂಬ ಕತೆಯನ್ನು ವಯರು ಬಿಡಿಸುವಾಗಲೇ ಹೇಳಿ ಮುಗಿಸಬಹುದು. ಮಕ್ಕಳು ಸುಮ್ಮನೆ ಕೂರಿಸಿ ಹೇಳಿದ ಕತೆಗಿಂತ ಕೈಗೆ ಕೆಲಸ ಕೊಟ್ಟು ಹೇಳಿದ ಕತೆಯನ್ನು ಹೆಚ್ಚು ಕೇಳುತ್ತಾರೆ.

ಮತ್ತು ಒಂದು ಮಾತು. ಚಿತ್ರ ಬಾರದಿದ್ದಾಗ ಹಾಳಾಗಿದೆ ಎನ್ನುವುದು ಸುಲಭ. ಜೋಡಿಸುವ ದಾರಿ ನಮಗೆ ತಿಳಿಯಲಿಲ್ಲ ಎನ್ನುವುದು ಕಷ್ಟ, ಮನೆಯ ಹಿರಿಯರಿಗಂತೂ ಬಹಳ ಕಷ್ಟ. ವಸ್ತುಗಳ ವಿಷಯದಲ್ಲಿ ಮಾತ್ರ ನಾವು ಹೀಗೆ ಅವಸರದ ತೀರ್ಪು ಕೊಡುತ್ತೇವೆಯೇ ಎಂಬುದನ್ನು ಓದುಗರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಯೋಚಿಸಲಿ.

ಹುಡುಗ ಹಿಂದಿರುಗಿ ಹೋಗುವ ಮುನ್ನಾದಿನ ಪೆಟ್ಟಿಗೆಯನ್ನು ಅವನಿಗೇ ಕೊಡಲು ಹೊರಟೆವು. ಅವನು ಬೇಡವೆಂದ. "ಇಲ್ಲಿಯೇ ಇರಲಿ ಅಜ್ಜ, ಬರುವ ವರ್ಷ ನಾವಿಬ್ಬರೂ ಆಡುವ," ಎಂದ. ಈಗ ಅದು ಅಟ್ಟದಲ್ಲಿಲ್ಲ. ಚಾವಡಿಯಲ್ಲಿ ಟಿವಿಯ ಕೆಳಗೆ, ಮೇಲೆ ಒಂದು ಬಟ್ಟೆ ಹೊದೆದುಕೊಂಡು ಕುಳಿತಿದೆ. ತಮ್ಮ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ನಮಗೆ ಮೂವತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು, ಕೇಳಿಸಿಕೊಳ್ಳಲು ಅವನಿಲ್ಲ. ನಿಮ್ಮ ಮನೆಯಲ್ಲಿ ಕಳುಹಿಸಿದವರು ಇನ್ನೂ ಇದ್ದರೆ, ಈ ಮಳೆಗಾಲಕ್ಕೆ ಮುಂಚೆಯೇ ಪೆಟ್ಟಿಗೆಯನ್ನು ಕೆಳಗಿಳಿಸಿ.